ಗ್ರಾನೈಟ್ ಕಟ್ಟೆಯ ಮೇಲೆ ಗೈಗರ್ ಕೌಂಟರ್

ಅಂಗೈಯಗಲದ ಗೈಗರ್ ಕೌಂಟರ್ ಇದು, ಅಂದರೆ ವಿಕಿರಣ ಅಳೆಯುವ ಯಂತ್ರ. ಗ್ರಾನೈಟ್ ಕಟ್ಟೆಯಿಂದ ವಿಕಿರಣ ಬರುತ್ತೆ ಅಂತ ಮನೆಯಲ್ಲಿ ವಾದ ಶುರುವಾಗಿತ್ತು, ಅದಕ್ಕೇ ತರಿಸಿದೆ.

ಬರುವುದು ನಿಜ. ಕೋಣೆಯ ನಡುವೆ ಗಂಟೆಗೆ ಸುಮಾರು 0.12 ಮೈಕ್ರೋಸೀವರ್ಟ್ (ಮೈಗೆ ತಾಗುವ ವಿಕಿರಣದ ಅಳತೆ) ತೋರಿಸಿದ್ದು, ಗ್ರಾನೈಟ್ ಮೇಲೆ ಇಟ್ಟರೆ 0.2ರ ಆಸುಪಾಸಿಗೆ ಏರಿತು. ಗಾಬರಿಪಡುವಂಥದ್ದೇನಲ್ಲ. ಗ್ರಾನೈಟಿನಲ್ಲಿ ವಿಕಿರಣ ಸೂಸುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ-40 ಚೂರು ಚೂರು ಇರುತ್ತವೆ. ಇಟ್ಟಿಗೆಯ ಜೇಡಿಮಣ್ಣಿನಲ್ಲೂ ಇವೆ. ಮಾರ್ಬಲ್‌ನಲ್ಲಿ ಸಾಮಾನ್ಯವಾಗಿ ತೀರಾ ಕಡಿಮೆ, ಅಲ್ಲಿ ಅಂಕಿ ಏರಲೇ ಇಲ್ಲ.

ಅಂಕಿ ಮಾತ್ರ ಕೋತಿಯಂತೆ ಕುಣಿಯುತ್ತದೆ. ಸುಮ್ನೆ ಇಟ್ಟು, ಕೆಲವು ನಿಮಿಷದ ಸರಾಸರಿ ನೋಡಬೇಕು. ಟಿಕ್ ಟಿಕ್ ಸದ್ದು ಆಫ್ ಮಾಡಬಹುದು, ಪುಣ್ಯ!

ನನಗೆ ಸಿಟ್ಟು ಬಂದದ್ದು ಡಬ್ಬಿಯ ಮೇಲಿನ ‘ಇಡೀ ಮನೆಗೆ ಸುರಕ್ಷತೆ’ ಅನ್ನುವ ಮಾತಿಗೆ. ಮನೆಯೊಳಗೆ ಜಾಸ್ತಿ ಯೋಚಿಸಬೇಕಾದದ್ದು ರೇಡಾನ್, ಅಂದರೆ ಉಸಿರಿನ ಜೊತೆ ಒಳಹೋಗುವ ವಿಕಿರಣಶೀಲ ಅನಿಲ. ಅದು ಹೆಚ್ಚಾಗಿ ಬರುವುದು ಅಡಿಪಾಯದ ಕೆಳಗಿನ ಮಣ್ಣಿನಿಂದ, ಸ್ವಲ್ಪ ಕಲ್ಲು, ಇಟ್ಟಿಗೆಯಿಂದ. ಗಾಳಿಯಲ್ಲಿ ಅದೆಷ್ಟಿದೆ ಅಂತ ಈ ಯಂತ್ರ ಹೇಳಲ್ಲ. ಅದಕ್ಕೆ ಬೇರೆಯೇ ಡಿಟೆಕ್ಟರ್ ಬೇಕು. ಮನೆಯೊಳಗಿನ ರೇಡಾನಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ಮಟ್ಟ ಘನ ಮೀಟರ್ ಗಾಳಿಗೆ 100 ಬೆಕ್ವೆರೆಲ್ (ವಿಕಿರಣಶೀಲತೆಯ ಅಳತೆ).

ಕುತೂಹಲಕ್ಕಾದರೆ ಕೊಳ್ಳಿ. ರೇಡಾನ್ ಚಿಂತೆಯಾದರೆ ಬೇಡ. ಮೂರು ಸ್ಟಾರ್.