ಕಾಡು ಕೇಪಳವೋ, ನರ್ಸರಿ ಕೇಪಳವೋ, ನೆಕ್ಕರೆಯೋ?

ಕಾಸರಗೋಡಿನ ಬದಿಯಡ್ಕ ಕಡೆ ಈಗ ಹೊಸ ಮನೆ ಕಟ್ಟಿದವರೆಲ್ಲ ಗೇಟಿನ ಪಕ್ಕ ಸಾಲಾಗಿ ನೆಡುವುದು ನರ್ಸರಿಯ ಕುಳ್ಳ ಕೇಪಳ, ಅಂದರೆ ಇಕ್ಸೋರಾ. ಅದೇ ಮನೆಯ ಹಿಂದಿನ ಗುಡ್ಡೆಯಲ್ಲಿ ಕಾಡು ಕೇಪಳ, ನೇರಳೆ ಹೂವಿನ ನೆಕ್ಕರೆ (ಮೆಲಸ್ಟೊಮಾ) ಎರಡೂ ಯಾರೂ ನೆಡದೆ ಹೂ ಬಿಡುತ್ತಿರುತ್ತವೆ. ನಾನು ಮೂರನ್ನೂ ಒಂದೇ ಹಿತ್ತಿಲಲ್ಲಿ ಬೆಳೆಸಿ ನೋಡಿದೆ. ಮೂರೂ ಪೊದೆಗಳೇ, ಮೂರೂ ವರ್ಷವಿಡೀ ಹಸಿರು. ಆದರೆ ಸ್ವಭಾವ ಒಂದಕ್ಕೊಂದು ಸಂಬಂಧವಿಲ್ಲ.

ನರ್ಸರಿಯದ್ದನ್ನು ಸುಮ್ನೆ ಬೈಯಬಾರದು. ತಂದ ದಿನವೇ ಹೂ ಇರುತ್ತದೆ. ಗಿಡ್ಡವಾಗಿಯೇ ಇರುತ್ತದೆ, ಕತ್ತರಿ ಹಾಕಿದ ಹಾಗೆ ಕೇಳುತ್ತದೆ. ಕೆಂಪು, ಹಳದಿ, ಗುಲಾಬಿ, ಬೇಕಾದ ಬಣ್ಣ ಸಿಗುತ್ತದೆ. ಆದರೆ ತಕರಾರು ಜಾಸ್ತಿ. ಒಂದನ್ನು ಸಿಮೆಂಟ್ ಗೋಡೆಯ ಬುಡದಲ್ಲಿ, ಇನ್ನೊಂದನ್ನು ಗೋಡೆಯಿಂದ ದೂರ ನೆಟ್ಟೆ. ಗೋಡೆ ಬುಡದ್ದರ ಎಳೆ ಎಲೆಗಳು ಹಳದಿಯಾದವು, ನರ ಮಾತ್ರ ಹಸಿರು. ಕೇಪಳಕ್ಕೆ ಹುಳಿ ಮಣ್ಣು ಬೇಕು. ಸಿಮೆಂಟಿನ ಸುಣ್ಣ ಇಳಿದ ಕಡೆ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ನಮ್ಮ ಮಣ್ಣು ಕೆಂಪಗಿರುವುದೇ ಕಬ್ಬಿಣದಿಂದ, ಅಲ್ಲೇ ಗಿಡ ಕಬ್ಬಿಣಕ್ಕೆ ಬಾಯಿಬಿಡುತ್ತದೆ ನೋಡಿ! ಮೇಲಿಂದ ಹಿಟ್ಟುತಿಗಣೆ ಬೇರೆ. ಅದು ಸುರಿಸುವ ಅಂಟಿನ ಮೇಲೆ ಕರಿ ಮಸಿ ಕೂತು ಎಲೆ ನೋಡಲಾಗುವುದಿಲ್ಲ.

ಕಾಡು ಕೇಪಳದಲ್ಲಿ ಕಷ್ಟವೆಲ್ಲ ಶುರುವಿನಲ್ಲಿ. ಗುಡ್ಡೆಯಿಂದ ಕಿತ್ತು ತಂದದ್ದು ಬದುಕುವುದು ಅಪರೂಪ. ತಾಯಿಬೇರು ಮುರಕಲ್ಲಿನ (ಜಂಬಿಟ್ಟಿಗೆ) ಸಂದಿಗೆ ಇಳಿದಿರುತ್ತದೆ, ಎಳೆದರೆ ಅರ್ಧಕ್ಕೇ ತುಂಡು. ಮಳೆಗಾಲದಲ್ಲಿ ತೀರಾ ಎಳೆಯದೂ ಅಲ್ಲದ, ತೀರಾ ಬಲಿತದ್ದೂ ಅಲ್ಲದ ಗೆಲ್ಲು (ಕೊಂಬೆ) ಊರುವುದೇ ವಾಸಿ. ಚಿಗುರು ಬಂತೆಂದು ಅಲುಗಾಡಿಸಬಾರದು, ಬೇರು ಬರುವುದು ನಿಧಾನ. ಬೀಜದಿಂದಲೂ ಆಗುತ್ತದೆ, ಹೂ ನೋಡಲು ವರ್ಷಗಟ್ಟಲೆ ಕಾಯುವ ಮನಸ್ಸಿದ್ದರೆ. ಒಮ್ಮೆ ನೆಲೆ ಹಿಡಿದರೆ ಬೇಸಗೆಯಲ್ಲೂ ಕೊಡಪಾನ ಹಿಡಿದು ಹಿಂದೆ ಹೋಗಬೇಕಾಗಿಲ್ಲ.

ಹೂವಿನ ಎಸಳು ನಾಲ್ಕು, ತುದಿ ಚೂಪು. ಕೆಳಗಿನ ಕೊಳವೆ ಸೂಜಿಯಷ್ಟು ಸಪೂರ. ಜೇನು ಅದರ ತಳದಲ್ಲಿ, ಹಾಗಾಗಿ ಉದ್ದ ನಾಲಗೆಯ ಚಿಟ್ಟೆಗಳದ್ದೇ ಕಾರುಬಾರು. ಚಿಟ್ಟೆ ನರ್ಸರಿಯದ್ದಕ್ಕೂ ಬರುತ್ತದೆ ಅನ್ನಿ. ಆದರೆ ಅದು ನಮ್ಮಲ್ಲಿ ಹಣ್ಣು ಕಟ್ಟಿದ್ದು ನಾನು ಕಂಡಿಲ್ಲ. ಕಾಡು ಕೇಪಳದ ಹಣ್ಣು ಕೆಂಪು ತಿರುಗಿ ಕಪ್ಪಾಗುವ ಹೊತ್ತಿಗೆ ಮಕ್ಕಳಿಗೂ ಪಿಕಳಾರಕ್ಕೂ ಪೈಪೋಟಿ. ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆಯೂ ಇದನ್ನೇ ಹುಡುಕಿಕೊಂಡು ಬರುತ್ತದೆ. ಹೂ ಕೊಯ್ಯುವ ಮೊದಲು ಒಮ್ಮೆ ನೋಡಿಕೊಳ್ಳಿ.

ನೆಕ್ಕರೆಯನ್ನು ಯಾರೂ ದುಡ್ಡು ಕೊಟ್ಟು ತರುವುದಿಲ್ಲ. ಕಲ್ಲು ಕಡಿದು ಬಿಟ್ಟ ಬರಡು ದರೆಯಲ್ಲೂ (ಗುಡ್ಡೆಯ ಕಡಿದ ಮಗ್ಗುಲಲ್ಲೂ) ಏಳುತ್ತದೆ. ನೇರಳೆ ಹೂ ಒಂದೇ ದಿನದ್ದು, ಕೊಯ್ದು ಒಳಗೆ ತರುವಷ್ಟರಲ್ಲಿ ಬಾಡುತ್ತದೆ. ಗಿಡದಲ್ಲೇ ನೋಡಬೇಕು. ಕೇಸರ ಎರಡು ಬಗೆ: ಗಿಡ್ಡ ಹಳದಿ, ಉದ್ದಕ್ಕೆ ಬಾಗಿದ ನೇರಳೆ. ಜೇನು ಇಲ್ಲ, ಪರಾಗ ಮಾತ್ರ, ಅದೂ ಕೇಸರದ ತುದಿಯ ಸಣ್ಣ ತೂತಿನೊಳಗೆ. ಕರಿ ದುಂಬಿ ಬಂದು ಹೂವನ್ನು ತಬ್ಬಿ ಗುಂಯ್ ಎಂದು ನಡುಗಿಸಿದಾಗ ಪುಡಿ ಉದುರುತ್ತದೆ. ಆ ಸದ್ದು ಅಂಗಳಕ್ಕೂ ಕೇಳುತ್ತದೆ. ಒಡೆದ ಹಣ್ಣು ತಿಂದರೆ ನಾಲಗೆಯೆಲ್ಲ ಕಪ್ಪು. ಆದರೆ ಬೇಲಿಗೆ ಇದು ಆಗದು. ಸವರಿದರೆ ಅಂದ ಕೆಡುತ್ತದೆ, ಬಿಟ್ಟರೆ ಕಂಡಲ್ಲೆಲ್ಲ ಮರಿ.

ಅಡುಗೆಮನೆಯ ಲೆಕ್ಕವೂ ಇದೆ, ಅಲ್ವಾ? ನೆಕ್ಕರೆ ಕುಡಿಯ ತಂಬುಳಿ ಹೊಟ್ಟೆ ಕೆಟ್ಟಾಗ ನಮ್ಮಲ್ಲಿ ಮಾಡುವುದುಂಟು. ನನಗೆ ಅದರ ಒಗರು ಸ್ವಲ್ಪ ಜಾಸ್ತಿಯೇ. ಕೇಪಳದ ಹೂವನ್ನು ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿ ಹಾಕಿ ಅರೆದು ಮಜ್ಜಿಗೆಗೆ ಬೆರೆಸಿದರೆ ಊಟಕ್ಕೆ ಬೇರೇನೂ ಬೇಡ. ನರ್ಸರಿಯದ್ದನ್ನು ಮಾತ್ರ ಬಾಯಿಗೆ ಹಾಕಬೇಡಿ, ಏನು ಸಿಂಪಡಿಸಿರುತ್ತಾರೋ.

ಚಟ್ಟಿಯಲ್ಲೇ ಬೆಳೆಸುವವರಿಗೆ ಕುಳ್ಳ ಕೇಪಳ ಸಾಕು. ದರೆ ಇದ್ದವರು ನೆಕ್ಕರೆಯನ್ನು ಕಡಿಯದಿದ್ದರೆ ಆಯಿತು. ಬೇಲಿಗೆ ಕಾಡು ಕೇಪಳವೇ. ನಮ್ಮಲ್ಲಿ ಗೆಲ್ಲು ಬೇಕಾದಷ್ಟಿದೆ, ಬೇಕಾದವರು ಆಟಿ (ತುಳುವರ ಮಳೆಗಾಲದ ತಿಂಗಳು) ಮುಗಿಯುವ ಮೊದಲು ಬನ್ನಿ.