ರೌಟರ್‌ಗೆ ಹಾಕಿದ ಪುಟ್ಟ ಯುಪಿಎಸ್: ಎರಡು ಮಳೆಗಾಲ ಕಳೆದ ಮೇಲೆ

ಜೀವ ಹೋಗುವ ಕೊನೇ ಕ್ಷಣದವರೆಗೂ ಹಸಿರು ಲೈಟ್ ತೋರಿಸುತ್ತಾ ಕೂರುವ ಡಬ್ಬಿಗೆ ಎಷ್ಟು ಸ್ಟಾರ್ ಕೊಡೋದು? ಮೂರು. ಆ ಲೈಟೊಂದು ಸರಿಯಿದ್ದಿದ್ದರೆ ನಾಲ್ಕೂವರೆಗೆ ಮೋಸವಿರಲಿಲ್ಲ.

ನಮ್ಮದು ಶಿರಸಿ ತಾಲೂಕಿನ ಒಂದು ಹಳ್ಳಿ. ಮನೆಯೊಳಗೆ ಯಾವ ಕಂಪನಿಯ ಸಿಗ್ನಲ್ಲೂ ಇಲ್ಲ, ಗುಡ್ಡ ಹತ್ತಿದರೆ ಎರಡು ಕಡ್ಡಿ. ಫೈಬರ್ ಬಂದಮೇಲೆ ಫೋನು ನಡೆಯುವುದೂ ವೈಫೈ ಕಾಲಿಂಗಿನಲ್ಲೇ. ಹಾಗಾಗಿ ರೌಟರ್ ಆರಿದರೆ ಬರೀ ಯೂಟ್ಯೂಬ್ ಹೋಗುವುದಲ್ಲ. ಫೋನು, ಓಟಿಪಿ, ಅಡಿಕೆ ರೇಟು, ಎಲ್ಲ ಒಟ್ಟಿಗೇ ಹೋಗುತ್ತವೆ. ಹಳೇ ಲ್ಯಾಂಡ್‌ಲೈನ್ ಇದ್ದಾಗ ಈ ರಗಳೆ ಇರಲಿಲ್ಲ. ಅದಕ್ಕೆ ಬೇಕಾದ 48 ವೋಲ್ಟ್ ಎಕ್ಸ್‌ಚೇಂಜಿನಿಂದಲೇ ತಂತಿಯಲ್ಲಿ ಬರುತ್ತಿತ್ತು, ಊರಿಗೆ ಊರೇ ಕತ್ತಲಾದರೂ ಡಯಲ್ ಟೋನ್ ಇರುತ್ತಿತ್ತು. ಫೈಬರಿನ ಗಾಜಿನ ಎಳೆಯಲ್ಲಿ ಬೆಳಕು ಮಾತ್ರ ಬರುತ್ತದೆ. ಕರೆಂಟು ನಾವೇ ಹೊಂದಿಸಿಕೊಳ್ಳಬೇಕು.

ಇನ್ವರ್ಟರ್ ಹಾಕಿಸೋಣ ಅಂದರೆ ಬ್ಯಾಟರಿ ಸೇರಿ ಹದಿನೈದು ಇಪ್ಪತ್ತು ಸಾವಿರ, ಮೇಲೆ ಅದಕ್ಕೆ ನೀರು ಹಾಕುವ ಕೆಲಸ. ಕರೆಂಟ್ ಹೋದಾಗ ಒಳಗಿನ ಬ್ಯಾಟರಿಯಿಂದ ರೌಟರ್ ನಡೆಸುವ ಈ ಯುಪಿಎಸ್ ಡಬ್ಬಿ ಸಾವಿರ ಚಿಲ್ಲರೆಗೆ ಬಂತು. ಗೋಡೆಯ ಅಡಾಪ್ಟರ್ ಇದಕ್ಕೆ, ಇದರ ವಯರ್ ರೌಟರ್‌ಗೆ. ಅಷ್ಟೇ ಕೆಲಸ.

ಮೊದಲ ಮಳೆಗಾಲದಲ್ಲಿ ಇದನ್ನು ಹೊಗಳಿದ್ದೇ ಹೊಗಳಿದ್ದು. ಪೇಟೆಯ ಕೇಬಲ್ ಆಫೀಸಿನಿಂದ ನಮ್ಮ ಮನೆಯವರೆಗೆ ನಡುವೆ ಇರುವ ಸ್ಪ್ಲಿಟರ್ ಡಬ್ಬಿಗಳಿಗೆ ಕರೆಂಟೇ ಬೇಡವಂತೆ, ಬೆಳಕು ತಾನಾಗಿ ಕವಲೊಡೆದು ಹೋಗುತ್ತದಂತೆ. ಅಲ್ಲಿಯ ಮಶೀನಿಗೆ ಬ್ಯಾಟರಿ, ಇಲ್ಲಿಯ ರೌಟರ್‌ಗೆ ಈ ಡಬ್ಬಿ ಇದ್ದರೆ ಆಯಿತು. ಜುಲೈ ತಿಂಗಳ ಗಾಳಿಮಳೆಯಲ್ಲಿ ಲೈನ್ ಮೇಲೆ ಮರ ಬಿದ್ದು ಇಡೀ ಸೀಮೆ ಕತ್ತಲಾಗಿರುವಾಗ ಚಿಮಣಿ ದೀಪದ ಪಕ್ಕ ಕೂತು ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುವ ಗತ್ತೇ ಬೇರೆ.

ಸಂಜೆ ಕರೆಂಟ್ ಹೋದ ಕೂಡಲೇ ಆಯಿ ಅಡುಗೆಮನೆಯಿಂದ "ಹೋತು!" ಅಂತ ಕೂಗುತ್ತಾಳೆ. ನಾನು ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಪೆನ್ಸಿಲಿನಿಂದ ಹೊತ್ತು ಬರೆಯುತ್ತೇನೆ, ಏಕಾದಶಿ ಸಂಕಷ್ಟಿಗಳ ಪಕ್ಕದಲ್ಲೇ. ಶೋಕಿಗೆ ಬರೆಯುವುದಲ್ಲ. ಡಬ್ಬಿಯಲ್ಲಿ ಇನ್ನೆಷ್ಟು ಉಳಿದಿದೆ ಅಂತ ಡಬ್ಬಿ ಹೇಳುವುದಿಲ್ಲ, ಹಾಗಾಗಿ ಲೆಕ್ಕ ನಾವೇ ಇಡಬೇಕು. ತುಂಬಿದ್ದರೂ ಹಸಿರು, ಅರ್ಧವಾದರೂ ಹಸಿರು, ಇನ್ನೊಂದು ನಿಮಿಷಕ್ಕೆ ಸಾಯುವುದಿದ್ದರೂ ಹಸಿರೇ.

ಪೆಟ್ಟಿಗೆ ಮೇಲೆ ದೊಡ್ಡದಾಗಿ 7800 ಎಂಎಎಚ್ ಅಂತಿದೆ, ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ. ಅದು ಒಳಗಿನ 3.7 ವೋಲ್ಟಿನ ಸೆಲ್ಲುಗಳ ಲೆಕ್ಕ. 12 ವೋಲ್ಟಿನ ರೌಟರ್‌ಗೆ ಹೊಂದಿಸಿದರೆ ಸುಮಾರು ಮೂರನೇ ಒಂದು ಪಾಲು. ಹೊಸದಿದ್ದಾಗ ಹತ್ತಿರ ಹತ್ತಿರ ಮೂರು ತಾಸು ಬರುತ್ತಿತ್ತು. ವರ್ಷವಿಡೀ ಫುಲ್ ಚಾರ್ಜಿನಲ್ಲೇ ಬಿಸಿಯಾಗಿ ಕೂತ ಲಿಥಿಯಂ ಸೆಲ್ಲು ಬೇಗ ಸವೆಯುತ್ತದೆ. ಎರಡನೇ ಮಳೆಗಾಲಕ್ಕೆ ಒಂದೂವರೆ ತಾಸೂ ಅನುಮಾನ. ಸವೆಯಲಿ, ಬೇಡ ಅನ್ನುವುದಿಲ್ಲ. ಹೇಳಿ ಸವೆಯಬಾರದೇ?

ನನ್ನ ಹೊಟ್ಟೆಪಾಡು ಅಂಗಡಿಯವರ ಜಿಎಸ್‌ಟಿ ರಿಟರ್ನ್ ತುಂಬುವುದು. ತಿಂಗಳ 20ಕ್ಕೆ 3ಬಿ, ಅಂದರೆ ತಿಂಗಳ ತೆರಿಗೆ ಲೆಕ್ಕದ ರಿಟರ್ನ್, ಹೋಗಲೇಬೇಕು, ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ. ಕೊನೆಗೆ ಬರುವ ಓಟಿಪಿ ಅಂಗಡಿಯವರ ಮೊಬೈಲಿಗೆ ಹೋಗುತ್ತದೆ, ಅವರು ಫೋನಿನಲ್ಲಿ ಓದಿ ಹೇಳಬೇಕು. ಕಳೆದ ಆಗಸ್ಟಿನ 20ರ ರಾತ್ರಿ ಕಿರಾಣಿ ಅಂಗಡಿಯ ಸಾಹುಕಾರರು ಕನ್ನಡಕ ಹುಡುಕಿ ಹಾಕಿಕೊಂಡು "ಬರ್ಕೊಳ್ರಿ... ನಾಲ್ಕು... ಏಳು... ಸೊನ್ನೆ..." ಅನ್ನುವಷ್ಟರಲ್ಲಿ ಟುಪ್. ಫೋನೂ ಇಲ್ಲ, ಪೋರ್ಟಲ್ಲೂ ಇಲ್ಲ. ಆ ಕಡೆ ಅವರು ಉಳಿದ ಮೂರು ಅಂಕೆ ಯಾರಿಗೆ ಹೇಳಿದರೋ. ಹಸಿರು ಲೈಟ್ ಆಗಷ್ಟೇ ಆರಿತ್ತು. ಮೂರು ಸ್ಟಾರ್ ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಅಲ್ಲಿಂದ ಮುಂದೆ ಪದ್ಧತಿ ಬದಲಾಗಿದೆ. ಮಾರಾಟದ ಲೆಕ್ಕ ಕೊಡುವ ಜಿಎಸ್‌ಟಿಆರ್-1ರ ಬಿಲ್ಲುಗಳನ್ನೆಲ್ಲ ಇಲಾಖೆಯ ಆಫ್‌ಲೈನ್ ಟೂಲಿನಲ್ಲೇ ತುಂಬಿ ಫೈಲ್ ತಯಾರಿಸಿ ಇಟ್ಟಿರುತ್ತೇನೆ, ನೆಟ್ ಬಂದಾಗ ಏರಿಸಿದರಾಯಿತು. ಕರೆಂಟ್ ಹೋಗಿ ಒಂದು ತಾಸು ದಾಟಿದರೆ ಓಟಿಪಿಗೆ ಕೈ ಹಾಕುವುದಿಲ್ಲ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡನ ಕೂಲಿಗೆ ಡಬ್ಬದಲ್ಲಿ ನಗದು ಇರುತ್ತದೆ. ಇಂಟರ್ನೆಟ್ ಇಲ್ಲದೆ *99# ಒತ್ತಿ ಯುಪಿಐ ಮಾಡಬಹುದು ಅನ್ನುತ್ತಾರೆ, ಹೌದು. ಆದರೆ ಅದಕ್ಕೂ ಸಿಗ್ನಲ್ ಬೇಕು, ಸಿಗ್ನಲ್ ಸಿಗುವುದು ಗುಡ್ಡದ ಮೇಲೆ.

ಇದರಿಂದ ಆಗದ ಕೆಲಸವೂ ಒಂದಿದೆ. ಕೊಂಬೆ ಬಿದ್ದು ಫೈಬರೇ ಕಡಿದರೆ ರೌಟರಿನಲ್ಲಿ ಎಲ್‌ಓಎಸ್ ಅನ್ನುವ ಕೆಂಪು ಲೈಟ್ ಮಿಟುಕುತ್ತದೆ. ಆಗ ಡಬ್ಬಿ ಇದ್ದರೂ ಒಂದೇ, ಬಿಟ್ಟರೂ ಒಂದೇ; ಹುಡುಗರು ಮಶೀನು ತಂದು ಎಳೆ ಬೆಸೆಯುವವರೆಗೆ ಕಾಯಬೇಕು. ಆದರೂ ಆ ಕೆಂಪು ಲೈಟಿನ ಮೇಲೆ ನನಗೆ ಸಿಟ್ಟಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ.

ಇಷ್ಟೆಲ್ಲ ಬೈದರೂ ಡಬ್ಬಿಯನ್ನು ಎಸೆಯಲು ಮನಸ್ಸಿಲ್ಲ. ಕರೆಂಟ್ ಹೋದ ಅರ್ಧ ತಾಸಿಗೆ ಟಾರ್ಚಿನ ಬೆಳಕು ಅಂಗಳಕ್ಕೆ ಬರುತ್ತದೆ. "ತಮಾ, ನಿಮ್ಮನೆಲಿ ನೆಟ್ ಇದ್ದಾ?" ಮೇಲಿನಮನೆ ಅತ್ತೆಗೆ ಬೆಂಗಳೂರಿನ ಮಗನ ಹತ್ತಿರ ಮಾತಾಡಬೇಕು, ಕೆಳಗಿನಮನೆ ಹುಡುಗನಿಗೆ ಕಾಲೇಜಿನ ಫಾರ್ಮು. ಜಗಲಿಯಲ್ಲಿ ಸಾಲಾಗಿ ಕೂತು ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವಂತೆ ಎಲ್ಲರೂ ಫೋನಿನಲ್ಲಿ ಕೂಗಾಡುತ್ತಾರೆ. ಆಯಿ ಕಷಾಯ ಕುದಿಸುತ್ತಾಳೆ. ಇನ್ವರ್ಟರ್ ಇದ್ದ ಮನೆಯವರೂ ಒಂದೊಂದು ಸಲ ಬರುತ್ತಾರೆ, ಯಾಕೆಂದು ಕೇಳಿಲ್ಲ. ಕಷಾಯದ ಖರ್ಚನ್ನು ಮಾತ್ರ ಡಬ್ಬಿಯ ಬೆಲೆಗೆ ಸೇರಿಸಿಕೊಳ್ಳಿ.

ಕೊಳ್ಳುವ ಮೊದಲು ನಿಮ್ಮ ಕೇಬಲ್‌ನವರನ್ನು ಒಂದು ಮಾತು ಕೇಳಿ: ಕರೆಂಟ್ ಹೋದಾಗ ಅವರ ಕಡೆಯ ಮಶೀನು ನಡೆಯುತ್ತದೆಯೇ? ಇಲ್ಲ ಅಂದರೆ ದುಡ್ಡು ದಂಡ. ನನ್ನದಕ್ಕೆ ಸೆಲ್ ಬದಲಾಯಿಸಿ ನೋಡುವವನಿದ್ದೇನೆ. ಹೊಸದು ತರುವವರು ಎಷ್ಟು ಚಾರ್ಜ್ ಉಳಿದಿದೆ ಎಂದು ತೋರಿಸುವ ನಾಲ್ಕು ಲೈಟಿನದ್ದೇ ತನ್ನಿ, ಇನ್ನೂರು ರೂಪಾಯಿ ಹೆಚ್ಚಾದರೂ ಪರವಾಗಿಲ್ಲ.