ಇಂಟರ್ನೆಟ್ ಇಲ್ಲದ ದ್ವೀಪದ ಮಿಷನ್ ಶಾಲೆಗೆ ಕೊಲಿಬ್ರಿ ಎಷ್ಟು ಉಪಯೋಗ?

ಸಣ್ಣ ದ್ವೀಪದ ಮಿಷನ್ ಶಾಲೆಯೆಂದರೆ ಬಹಳ ಕಡೆ ಒಂದೇ ಕೋಣೆ, ಒಬ್ಬರೇ ಮೇಷ್ಟ್ರು, ನಾಲ್ಕೈದು ತರಗತಿಯ ಮಕ್ಕಳು. ಬೆಳಗಿನ ಪ್ರಾರ್ಥನೆಯಿಂದ ರಾತ್ರಿಯ ಓದಿನವರೆಗೆ ಎಲ್ಲಕ್ಕೂ ಅವರೇ ನಿಲ್ಲಬೇಕು. ಮೂರನೇ ತರಗತಿಗೆ ಭಾಗಾಕಾರ ಹೇಳಿಕೊಡುವಾಗ ಆರನೆಯವರು ಖಾಲಿ ಕೂರದಂತೆ ನೋಡಿಕೊಳ್ಳುವುದೇ ದಿನದ ದೊಡ್ಡ ತಲೆನೋವು. ಈ ಒಂದು ಕೆಲಸಕ್ಕೆ, ಇಂಟರ್ನೆಟ್ ಇಲ್ಲದೆಯೂ ಪಾಠ, ಅಭ್ಯಾಸ ತೋರಿಸುವ ಕೊಲಿಬ್ರಿ ಚೆನ್ನಾಗಿ ಒದಗುತ್ತದೆ. ಉಳಿದ ಹೊಗಳಿಕೆಯನ್ನು ರವಷ್ಟು ತಗ್ಗಿಸಿಯೇ ಕೇಳಿಸಿಕೊಳ್ಳಿ.

ಲರ್ನಿಂಗ್ ಇಕ್ವಾಲಿಟಿ ಎಂಬ ಲಾಭರಹಿತ ಸಂಸ್ಥೆಯ ಉಚಿತ ತಂತ್ರಾಂಶ ಇದು, ಖಾನ್ ಅಕಾಡೆಮಿಯ ಉಚಿತ ಪಾಠಗಳನ್ನು ಇಂಟರ್ನೆಟ್ ಇಲ್ಲದೆ ತೋರಿಸುತ್ತಿದ್ದ 2012ರ ಕೆಎ ಲೈಟ್‌ನ ಮುಂದಿನ ಪೀಳಿಗೆ. ಒಂದು ಕಂಪ್ಯೂಟರಿಗೆ ಹಾಕಿದರೆ ಅದೇ ಸರ್ವರ್, ಅಂದರೆ ಎಲ್ಲ ಟ್ಯಾಬ್‌ಗೂ ಪಾಠ ಹಂಚುವ ಯಂತ್ರ. ಮಕ್ಕಳು ವೈಫೈ ಹಿಡಿದು ಟ್ಯಾಬ್‌ನ ಬ್ರೌಸರಿನಲ್ಲಿ ತೆರೆಯುತ್ತಾರೆ.

ಸರ್ವರ್‌ಗೆ ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್ ಸಾಕು. ಅದರೊಳಗಿನ ವೈಫೈ ನಂಬಿ ಇಡೀ ತರಗತಿಯನ್ನು ಕೂರಿಸಬೇಡಿ, ಬೇರೆ ರೂಟರ್ ಇಡಿ. ಎರಡೂ ಸೇರಿ ಸುಮಾರು 12 ವ್ಯಾಟ್. 12 ವೋಲ್ಟ್, 20 ಆಂಪ್-ಅವರ್‌ನ ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧ ಮಾತ್ರ ಬಳಸಿದರೂ ಎಂಟು ತಾಸು ನಡೆಯುತ್ತದೆ. ಕರೆಂಟು ನುಂಗುವುದು ಟ್ಯಾಬ್‌ಗಳು. 4,000 ಎಂಎಎಚ್‌ನ ಒಂದು ಟ್ಯಾಬ್‌ಗೆ 15 ವ್ಯಾಟ್-ಅವರ್ ಎಂದರೆ ಇಪ್ಪತ್ತಕ್ಕೆ 300, ನಷ್ಟ ಸೇರಿಸಿದರೆ ಇನ್ನೂ ಹೆಚ್ಚು. ಸರ್ವರ್ ಒಂದನ್ನೇ ನೋಡಿ ಸೋಲಾರ್ ಪ್ಯಾನೆಲ್ ತಂದರೆ ಮೋಡದ ವಾರದಲ್ಲಿ ಪಾಠ ನಿಂತಂತೆಯೇ.

ಪೈ 4ರಲ್ಲಿ ಬ್ಯಾಟರಿ ಇರುವ ಗಡಿಯಾರವಿಲ್ಲ. ಇಂಟರ್ನೆಟ್ ಇಲ್ಲದ ಕಡೆ ಆರಿಸಿ ಹಚ್ಚಿದಾಗಲೆಲ್ಲ ಹೊತ್ತು ತಪ್ಪುತ್ತದೆ, ಮಕ್ಕಳ ಪ್ರಗತಿ ವರದಿಯ ದಿನಾಂಕಗಳೂ ಕಲಸಿಹೋಗುತ್ತವೆ. ಡಿಎಸ್3231 ಗಡಿಯಾರದ ಮಾಡ್ಯೂಲ್ ಸಣ್ಣ ವಸ್ತು, ಮರೆಯದೆ ಕೂರಿಸಿ. ಏಕಾಏಕಿ ಕರೆಂಟ್ ಹೋದರೆ ಎಸ್‌ಡಿ ಕಾರ್ಡ್ ಕೆಡುವುದುಂಟು. ಎಲ್ಲ ತುಂಬಿಸಿದ ಇನ್ನೊಂದು ಕಾರ್ಡ್ ಪೆಟ್ಟಿಗೆಯಲ್ಲಿರಲಿ.

ಉಪ್ಪು ಗಾಳಿಯ ಕಾಟ ಬೇರೆ. ಅದಕ್ಕೆ ಹೆದರಿ ಪೈಯನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು ಓಡಿಸಿದರೆ ಬಿಸಿಯೇರಿ 80 ಡಿಗ್ರಿ ದಾಟುತ್ತಲೇ ವೇಗ ತಾನಾಗಿ ತಗ್ಗುತ್ತದೆ, ವಿಡಿಯೊ ತೊದಲುತ್ತದೆ. ಹಗಲು ತೆರೆದ ಪೆಟ್ಟಿಗೆಯಲ್ಲಿ ಫ್ಯಾನ್ ಹಾಕಿ ಓಡಿಸಿ, ರಾತ್ರಿ ಟ್ಯಾಬ್‌ಗಳ ಜತೆಗೆ ಬಿಗಿ ಮುಚ್ಚಳದ ಡಬ್ಬಿಗೆ ಸೇರಿಸಿ ತೇವ ಹೀರುವ ಸಿಲಿಕಾ ಜೆಲ್ ಇಡಿ. ನೀಲಿ ಕಾಳು ಗುಲಾಬಿಗೆ ತಿರುಗಿದರೆ 110-120 ಡಿಗ್ರಿಯಲ್ಲಿ ಒಂದೆರಡು ತಾಸು ಒಣಗಿಸಿದರಾಯಿತು. ಟ್ಯಾಬ್‌ನ ಚಾರ್ಜಿಂಗ್ ಪಿನ್ ಹಸಿರುಗಟ್ಟುತ್ತಿದೆಯೇ ಎಂದು ವಾರಕ್ಕೊಮ್ಮೆ ನೋಡಿ.

ಪಾಠಗಳು ಚಾನೆಲ್ ರೂಪದಲ್ಲಿ, ಅಂದರೆ ಒಟ್ಟಿಗೆ ಕಟ್ಟಿದ ಪಾಠಗಳ ಗಂಟಾಗಿ ಬರುತ್ತವೆ. ಖಾನ್ ಅಕಾಡೆಮಿಯಂಥ ದೊಡ್ಡ ಚಾನೆಲ್‌ಗೆ ಹತ್ತಾರು ಜಿಬಿ ಬೇಕು, ಬೇಕಾದ ಅಧ್ಯಾಯಗಳನ್ನಷ್ಟೇ ಆರಿಸಿ ಇಳಿಸಬಹುದು. ದೋಣಿ ಹತ್ತುವ ಮೊದಲೇ ಇಳಿಸಿ, ಪೆನ್‌ಡ್ರೈವ್‌ಗೂ ಒಂದು ಪ್ರತಿ ಹಾಕಿಕೊಳ್ಳಿ. ದ್ವೀಪದ ಭಾಷೆಯ ಪಾಠ ಸಿಗುವ ಸಂಭವ ಕಡಿಮೆ. ಅಲ್ಲಿನ ಹಿರಿಯರು ಹೇಳಿದ ಕಥೆಯ ಎಂಪಿ3, ಕೈಯಿಂದ ಮಾಡಿದ ಓದುಪುಸ್ತಕದ ಪಿಡಿಎಫ್ ಇದ್ದರೆ ಕೊಲಿಬ್ರಿ ಸ್ಟುಡಿಯೊ ಎಂಬ ಜಾಲತಾಣದ ಮೂಲಕ ನಿಮ್ಮದೇ ಚಾನೆಲ್ ಕಟ್ಟಬಹುದು. ಆದರೆ ಸ್ಟುಡಿಯೊಗೆ ಇಂಟರ್ನೆಟ್ ಬೇಕೇ ಬೇಕು. ರಜೆಗೆ ಹೊರಗೆ ಹೋದಾಗ ಮಾಡುವ ಕೆಲಸ ಅದು.

ತರಗತಿಯಲ್ಲಿ ನಿಜವಾಗಿ ಬೆಲೆಬಾಳುವುದು ಶಿಕ್ಷಕರ ಪುಟ. ಗುಂಪು ಮಾಡಿ, ಗುಂಪಿಗೊಂದು ಪಾಠ ಹಚ್ಚಿ, ರಸಪ್ರಶ್ನೆ ಶುರು ಮಾಡಿದರೆ ಯಾರು ಯಾವ ಲೆಕ್ಕದಲ್ಲಿ ಎಡವಿದರು ಎಂದು ಅಲ್ಲೇ ಕಾಣುತ್ತದೆ. ಬರೀ ಚಾನೆಲ್ ತೆರೆದು ಬಿಟ್ಟರೆ ಮಕ್ಕಳು ವಿಡಿಯೊದಿಂದ ವಿಡಿಯೊಗೆ ಹಾರುತ್ತಾರೆ ಅಷ್ಟೆ. ಚಿಕ್ಕವರಿಗೆ ಪಾಸ್‌ವರ್ಡ್ ಇಲ್ಲದೆ ಒಳಹೋಗುವ ಸೌಲಭ್ಯ ಸೆಟ್ಟಿಂಗ್‌ನಲ್ಲೇ ಇದೆ. ಅಕ್ಷರ ಇನ್ನೂ ಕೂಡದ ಒಂದನೇ, ಎರಡನೇ ತರಗತಿಗೆ ಇದು ಬೇಡ. ಪ್ರಬಂಧ ತಿದ್ದುವುದಕ್ಕೂ ಆಗದು.

ಮಿಷನ್ ಶಾಲೆಯಲ್ಲಿ ಶಿಕ್ಷಕರು ಬದಲಾಗುತ್ತಲೇ ಇರುತ್ತಾರೆ. ಹೊರಡುವವರ ಜತೆ ಮುಖ್ಯ ಅಡ್ಮಿನ್ ಪಾಸ್‌ವರ್ಡೂ ಹೋದರೆ ಕಮಾಂಡ್ ಲೈನ್ (ಆದೇಶ ಟೈಪ್ ಮಾಡಿ ಕಂಪ್ಯೂಟರ್ ನಡೆಸುವ ವಿಧಾನ) ಬಲ್ಲವರು ದೋಣಿಯಲ್ಲಿ ಬರುವ ತನಕ ಹೊಸ ಚಾನೆಲ್ ಇಲ್ಲ. ಮೊದಲ ದಿನವೇ ಎರಡು ಮುಖ್ಯ ಅಡ್ಮಿನ್ ಖಾತೆ ತೆರೆಯಿರಿ. ಎರಡನೆಯದು ದ್ವೀಪದವರೇ ಆದ ಒಬ್ಬರ ಹೆಸರಿನಲ್ಲಿರಲಿ.